ಸರ್ವರ್ ಪ್ರಾಬ್ಲಂ ಅಲ್ಲ, ಬ್ರೌಸರ್ ಹಳೇದು

ನಮಸ್ಕಾರ. ನಾನು ದಾವಣಗೆರೆಯ ಒಂದು ಕಚೇರಿಯಲ್ಲಿ ಕೌಂಟರಿನ ಒಳಗೆ ಕೂರುವವಳು. ಅರ್ಜಿ ತೆಗೆದುಕೊಳ್ಳುವುದು, ದಾಖಲೆ ಅಪ್‌ಲೋಡ್ ಮಾಡುವುದು, ಪ್ರಿಂಟ್ ಕೊಡುವುದು ನನ್ನ ಕೆಲಸ. ಇವತ್ತು ಬ್ರೌಸರ್ ಬಗ್ಗೆ, ಅಂದರೆ ಕಂಪ್ಯೂಟರಿನಲ್ಲಿ ಸೈಟ್ ತೆರೆದು ತೋರಿಸುವ ಸಾಫ್ಟ್‌ವೇರ್ ಬಗ್ಗೆ ಮಾತಾಡಬೇಕು. ಇದು ಕಂಪ್ಯೂಟರ್ ಹುಡುಗರ ವಿಷಯ ಅಂತ ವಿಡಿಯೋ ಬಿಟ್ಟು ಹೋಗಬೇಡಿ. ಕೌಂಟರಿನ ಆ ಕಡೆ ನಿಂತವರಿಗೂ ಇದು ಸೇರಿದ್ದು.

ಕಳೆದ ತಿಂಗಳು ಜಗಳೂರು ಕಡೆಯಿಂದ ಒಬ್ಬ ಅಜ್ಜ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಚಿಟ್ಟ ಕಾಗದಗಳು. ನಾನು ಸೈಟ್ ತೆರೆದೆ. ಬರೀ ಬಿಳಿ ಪುಟ. ರಿಫ್ರೆಶ್ ಮಾಡಿದೆ, ಮತ್ತೆ ಬಿಳಿ. "ಸರ್ವರ್ ಇಲ್ಲ ಅಜ್ಜಾ, ಒಂಚೂರು ಕೂತ್ಕೊಳ್ರಿ" ಅಂದೆ. ಒಂದೂವರೆ ಗಂಟೆ ಕೂತರು. ಆಮೇಲೆ ಎದ್ದು ಬಂದು, "ನಾಳೆ ಬರ್ಲೇನವ್ವಾ? ಬಸ್ ತಪ್ಪಿದ್ರೆ ಕಷ್ಟ" ಅಂದರು. ಹಿಂದೆ ನಿಂತಿದ್ದ ಒಬ್ಬರು ನನಗೆ ಕೇಳುವ ಹಾಗೇ ಹೇಳಿದರು: "ಇವ್ರಿಗೆ ಕೆಲ್ಸ ಬರಲ್ಲ ಬಿಡ್ರಿ."

ಅಜ್ಜ ಹೋದ ಮೇಲೆ ನನ್ನ ಮೊಬೈಲಿನಲ್ಲಿ ಅದೇ ಸೈಟ್ ತೆರೆದೆ. ಎರಡೇ ಸೆಕೆಂಡಿಗೆ ತೆರೆಯಿತು. ಸರ್ವರ್, ಅಂದರೆ ಸೈಟನ್ನು ನಮಗೆ ಕಳಿಸುವ ದೂರದ ಕಂಪ್ಯೂಟರ್, ಚೆನ್ನಾಗೇ ಇತ್ತು. ಗೊತ್ತಿಲ್ಲದೆ ನಾನು ಅಜ್ಜನಿಗೆ ಸುಳ್ಳು ಹೇಳಿದ್ದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಗಿದ್ದು ಇಷ್ಟು. ನನ್ನ ಮೇಜಿನ ಮೇಲಿರುವುದು ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿತು. ಅದರ ಮೇಲೆ ನಡೆಯುವ ಕೊನೆಯ ಕ್ರೋಮ್ ಬ್ರೌಸರ್ ಅಂದರೆ 109ನೇ ಆವೃತ್ತಿ, ಬಂದಿದ್ದು 2023ರ ಜನವರಿಯಲ್ಲಿ. ಅಲ್ಲಿಂದ ಈಚೆಗೆ ಸೈಟ್ ಕಟ್ಟುವವರು ಹೊಸ ಹೊಸ ವಿಧಾನ ಬಳಸುತ್ತಲೇ ಇದ್ದಾರೆ. ಪುಟವನ್ನು ನಡೆಸುವ ಜಾವಾಸ್ಕ್ರಿಪ್ಟ್‌ನಲ್ಲಿ ಹಳೇ ಬ್ರೌಸರಿಗೆ ಅರ್ಥವಾಗದ ಒಂದೇ ಒಂದು ಬರವಣಿಗೆ ಸಿಕ್ಕರೂ ಸಾಕು, ಆ ಇಡೀ ಕಡತವನ್ನೇ ಅದು ಓಡಿಸುವುದಿಲ್ಲ. ಆಗ ಬಿಳಿ ಪುಟ. ಏನು ತಪ್ಪಾಯಿತು ಅಂತಲೂ ಪರದೆ ಮೇಲೆ ಬರುವುದಿಲ್ಲ. ನಾವು ಸರ್ವರ್ ಅಂದುಕೊಳ್ಳುತ್ತೇವೆ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದಿದೆ. ನಮ್ಮ ಕಚೇರಿ ಒಳಗಿನ ಒಂದು ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನ ಹಳೇ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುತ್ತದೆ. ಡಿಜಿಟಲ್ ಸಹಿ ಇರುವ ಪೆನ್‌ಡ್ರೈವ್ ಥರದ ಡಾಂಗಲ್ ಚುಚ್ಚಿ, ಆಕ್ಟಿವ್‌ಎಕ್ಸ್ ಅನ್ನುವ ಎಕ್ಸ್‌ಪ್ಲೋರರ್‌ನ ಹಳೇ ಜೋಡಣೆ ಕೇಳಿದ್ದಕ್ಕೆಲ್ಲ ಎಸ್ ಎಸ್ ಅಂತ ಒತ್ತಿ, ಆಮೇಲೆ ಸಹಿ. ಕ್ರೋಮ್‌ಗೆ ಅದು ಬರುವುದೇ ಇಲ್ಲ. ಹಾಗಾಗಿ ಒಂದೇ ಅರ್ಜಿಗೆ ನಾನು ಮೂರು ಕಡೆ ಓಡಾಡುತ್ತೇನೆ. ಸಹಿಗೆ ಎಕ್ಸ್‌ಪ್ಲೋರರ್‌ನ ಆ ನೀಲಿ 'ಇ'. ಉಳಿದಿದ್ದಕ್ಕೆ ಹಳೇ ಕ್ರೋಮ್. ಎರಡರಲ್ಲೂ ಆಗದಿದ್ದರೆ ನನ್ನ ಸ್ವಂತ ಮೊಬೈಲ್, ನನ್ನದೇ ಡೇಟಾ.

ಈ ಮೂರನೆಯದೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವುದು. ಸ್ಕ್ಯಾನ್ ಮಾಡಿದ ಆಧಾರ್, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲ ವಾಟ್ಸಾಪ್‌ನಲ್ಲಿ ನನ್ನ ಮೊಬೈಲಿಗೆ ಬರುತ್ತವೆ. ಅಲ್ಲಿಂದ ಸೈಟಿಗೆ ಹೋಗುತ್ತವೆ. ಸಂಜೆ ಬಸ್ಸಿನಲ್ಲಿ ಕೂತು ಒಂದೊಂದಾಗಿ ಅಳಿಸುತ್ತೇನೆ. ಒಂದು ದಿನ ಮರೆತರೆ? ಮೊಬೈಲ್ ಕಳೆದುಹೋದರೆ? ಆ ಜನ ನಂಬಿ ಕಾಗದ ಕೊಟ್ಟಿದ್ದು ಕಚೇರಿಗೆ, ನನ್ನ ಮೊಬೈಲಿಗಲ್ಲ.

ಹಳೇ ಬ್ರೌಸರ್ ಅಂದರೆ ಬರೀ ನಿಧಾನ ಅಂತ ತಿಳಿಯಬೇಡಿ. ಬ್ರೌಸರಿನಲ್ಲಿ ಒಂದು ದೋಷ ಸಿಕ್ಕಾಗ ಅದನ್ನು ಮುಚ್ಚಿ ಹೊಸ ಆವೃತ್ತಿ ಬಿಡುತ್ತಾರೆ. ಕೆಟ್ಟ ಕೆಲಸ ಮಾಡುವವರು ಹೊಸದನ್ನೂ ಹಳೇದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೂತು ಎಲ್ಲಿತ್ತು ಅಂತ ಅವರಿಗೆ ಸಿಕ್ಕಿಬಿಡುತ್ತದೆ. ಅಪ್‌ಡೇಟ್ ಸಿಗದ ಯಂತ್ರಗಳಲ್ಲಿ ಆ ತೂತು ತೆರೆದೇ ಇರುತ್ತದೆ.

ಇಲ್ಲಿಗೆ ಹೇಗೆ ಬಂದೆವು? ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬಂದಿದ್ದು 2001ರಲ್ಲಿ, ಏಳನೆಯದು ಬಂದಿದ್ದು 2006ರಲ್ಲಿ. ನಡುವೆ ಐದು ವರ್ಷ ಹೊಸದೇ ಇಲ್ಲ. ಇನ್ನು ಇದೇ ಶಾಶ್ವತ ಅನ್ನುವ ಹಾಗೆ ಎಷ್ಟೋ ಕಚೇರಿಗಳ ಸಾಫ್ಟ್‌ವೇರನ್ನು ಅದಕ್ಕೆ ಹೊಂದಿಸಿ ಬರೆದರು. ನಮ್ಮಲ್ಲಿ ಮಾತ್ರ ಅಲ್ಲ. ದಕ್ಷಿಣ ಕೊರಿಯಾದಲ್ಲಿ ಬ್ಯಾಂಕಿಂಗ್, ಆನ್‌ಲೈನ್ ಖರೀದಿ ಎಲ್ಲ ಆಕ್ಟಿವ್‌ಎಕ್ಸ್‌ಗೆ ಅಂಟಿಕೊಂಡು ಜನ ವರ್ಷಗಟ್ಟಲೆ ಒದ್ದಾಡಿದರು. ಕೊನೆಗೆ 2022ರ ಜೂನ್ 15ರಂದು ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟೇ ಎಕ್ಸ್‌ಪ್ಲೋರರ್‌ಗೆ ಬೆಂಬಲ ನಿಲ್ಲಿಸಿತು. ಮಾಡಿದವರೇ ಕೈಬಿಟ್ಟಿದ್ದನ್ನು ನಾವು ಇನ್ನೂ ದಿನಾ ಬೆಳಿಗ್ಗೆ ತೆರೆಯುತ್ತಿದ್ದೇವೆ.

ನಮ್ಮಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಮಾತು. ನೂಲು ಸುತ್ತುವ ಸ್ಪಿಂಡಲ್ ಸವೆದು ನೂಲು ಹರಿಯತೊಡಗಿದರೆ ಫಿಟ್ಟರನ್ನು ಕರೆಯುತ್ತಿದ್ದರಂತೆ. ಯಾವ ಸಾಲಿನ ಎಷ್ಟನೇ ಸ್ಪಿಂಡಲ್ ಅಂತ ಬರೆದುಕೊಳ್ಳುತ್ತಿದ್ದರಂತೆ. ಸವೆದ ಸ್ಪಿಂಡಲ್‌ಗೆ ಕೆಲಸಗಾರನನ್ನು ಬೈದರೆ ನೂಲು ಕೂಡುತ್ತದಾ ಅಂತ ಅಪ್ಪ ಕೇಳುತ್ತಿದ್ದರು. ನಮ್ಮ ಮೇಜಿನ ಮೇಲಿನ ಯಂತ್ರವೂ ಸವೆದಿದೆ. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಸದ್ದು ಮಾಡುವುದಿಲ್ಲ, ಹೊಗೆ ಬರುವುದಿಲ್ಲ. ಹಾಗಾಗಿ ಬೈಗುಳ ಎದುರಿಗೆ ಕಾಣುವವರಿಗೆ ಬೀಳುತ್ತದೆ. ನನಗೆ ಬೇಜಾರಾಗುವುದು ಇದಕ್ಕೇ. ಯಾವ ಯಂತ್ರ, ಯಾವ ಬ್ರೌಸರ್ ಅಂತ ತೀರ್ಮಾನ ಮಾಡಿದವರು ಕೌಂಟರಿನಲ್ಲಿ ಕೂರುವುದಿಲ್ಲ. ಕೂರುವವರನ್ನು ಯಾರೂ ಕೇಳಲಿಲ್ಲ.

"ದುಡ್ಡಿಲ್ಲ ಕಣಮ್ಮ" ಅನ್ನುತ್ತಾರೆ. ಅದರಲ್ಲಿ ಸತ್ಯ ಇದೆ, ಒಪ್ಪುತ್ತೇನೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಬೇಕು. ನಮ್ಮ ಡಬ್ಬದಲ್ಲಿ ಎರಡೂ ಇಲ್ಲ. ವಿಂಡೋಸ್ 10ರ ಉಚಿತ ಬೆಂಬಲದ ಗಡುವೂ 2025ರ ಅಕ್ಟೋಬರ್ 14 ಆಗಿತ್ತು. ಆದರೆ ದುಡ್ಡು ಬೇಡದ ಕೆಲಸವೂ ಇದೆ ಅಲ್ವಾ? ಸ್ವಲ್ಪ ಹೊಸ ಯಂತ್ರ ಇರುವ ಕಡೆ ಮೈಕ್ರೋಸಾಫ್ಟ್‌ನ ಹೊಸ ಬ್ರೌಸರ್ ಎಡ್ಜ್‌ನಲ್ಲಿ ಐಇ ಮೋಡ್, ಅಂದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಥರ ನಡೆಯುವ ವ್ಯವಸ್ಥೆ ಅಂತ ಇದೆ. ಆ ಒಂದು ಹಳೇ ಸಾಫ್ಟ್‌ವೇರ್ ಮಾತ್ರ ಅದರಲ್ಲಿ ತೆರೆದು, ಉಳಿದಿದ್ದನ್ನೆಲ್ಲ ಇವತ್ತಿನ ಬ್ರೌಸರಿನಲ್ಲಿ ಮಾಡಬಹುದು. ಕನಿಷ್ಠ 2029ರವರೆಗೆ ಇದನ್ನು ಇಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಬರೀ ಬ್ರೌಸರ್ ಕೆಲಸಕ್ಕೆ ಇರುವ ಹಳೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಫೈರ್‌ಫಾಕ್ಸ್ ಅನ್ನುವ ಬ್ರೌಸರಿನ ಹೊಸ ಆವೃತ್ತಿ ಸಿಗುತ್ತದೆ, ಪುಕ್ಕಟೆ. ಇನ್ನು ಸಾಫ್ಟ್‌ವೇರ್ ಮಾಡಿಸಲು ಟೆಂಡರ್ ಬರೆಯುವವರು ಒಂದು ಸಾಲು ಸೇರಿಸಲಿ. ಯಾವ ಹೊಸ ಬ್ರೌಸರಿನಲ್ಲಾದರೂ ನಡೆಯಬೇಕು, ಒಂದಕ್ಕೇ ಕಟ್ಟಿಹಾಕಬಾರದು ಅಂತ. ಮುಂದೆ ಬರುವವರಾದರೂ ನನ್ನ ಹಾಗೆ ಸಿಕ್ಕಿಹಾಕಿಕೊಳ್ಳಬಾರದು.

ನೀವೂ ಕೌಂಟರಿನ ಒಳಗೆ ಕೂರುವವರಾದರೆ ನಾಳೆ ಒಂದು ಕೆಲಸ ಮಾಡಿ. ಕ್ರೋಮ್‌ನ ಬಲಗಡೆ ಮೇಲೆ ಮೂರು ಚುಕ್ಕಿ ಇದೆಯಲ್ಲ, ಅದನ್ನು ಒತ್ತಿ. ಹೆಲ್ಪ್, ಅಬೌಟ್. ಒಂದು ನಂಬರ್ ಕಾಣುತ್ತದೆ. ಸೈಟ್ ತೆರೆಯದ ದಿನ ಆ ನಂಬರ್, ತಾರೀಖು, ಸೈಟಿನ ಹೆಸರು, ವಾಪಸ್ ಹೋದವರು ಎಷ್ಟು ಜನ ಅಂತ ಬರೆದಿಡಿ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರ ಜೆರಾಕ್ಸ್ ಜೊತೆ ಮನವಿ ಕೊಟ್ಟಿದ್ದೇನೆ. ಬಾಯಲ್ಲಿ ಹೇಳಿದ್ದಕ್ಕೆ "ನೋಡೋಣ" ಅನ್ನುತ್ತಿದ್ದವರು ಕಾಗದಕ್ಕೆ ಸೀಲ್ ಹಾಕಿ ತೆಗೆದುಕೊಂಡರು.

ಆ ಅಜ್ಜ ಎರಡು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಸರ್ವರ್ ಅನ್ನಲಿಲ್ಲ ನಾನು. "ಅಜ್ಜಾ, ಅವತ್ತು ಸರ್ವರ್ ಚೆನ್ನಾಗೇ ಇತ್ತು. ನಮ್ಮ ಕಂಪ್ಯೂಟರ್ರೇ ಹಳೇದು. ನಿಮ್ಮನ್ನ ಸುಮ್ನೆ ಕೂರಿಸಿಬಿಟ್ಟೆ" ಅಂದೆ. ಅವರು ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಹೊಸದು ಯಾವಾಗ ಕೊಡ್ತಾರವ್ವಾ?"

"ಬರೆದು ಕೊಟ್ಟೀನಿ ಅಜ್ಜಾ. ಕೇಳ್ತಾನೇ ಇರ್ತೀನಿ."