ಮಳೆಗಾಲದಲ್ಲಿ ಗುಂಗುರು ಕೂದಲು: ತಲೆಸ್ನಾನ ಇಲ್ಲದ ದಿನ ಏನು ಮಾಡಬೇಕು?

[ದೃಶ್ಯ: ಮನೆಯ ಜಗಲಿ. ಹೊರಗೆ ಜೋರು ಮಳೆ. ಹಗ್ಗದಲ್ಲಿ ಒಣಗದ ಬಟ್ಟೆ.]

ನಮಸ್ಕಾರ. ಕುಂಬಳೆಯ ನಮ್ಮ ಮನೆ ಜಗಲಿಯಿಂದ ಮಾತಾಡುತ್ತಿದ್ದೇನೆ. ನನ್ನ ಹಿಂದೆ ನೋಡಿ, ಆ ಬಟ್ಟೆ ಮೂರು ದಿನದಿಂದ ಹಗ್ಗದಲ್ಲೇ ಇದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬರುತ್ತದೆ. ಅದರಲ್ಲಿ ಹೆಚ್ಚಿನದು ಈ ಮೂರು ನಾಲ್ಕು ತಿಂಗಳಲ್ಲೇ. ಬಟ್ಟೆಯೇ ಒಣಗದ ಮೇಲೆ ದಪ್ಪ ಗುಂಗುರು ಕೂದಲು ಬೇಗ ಒಣಗುತ್ತದಾ?

ಗುಂಗುರು ಕೂದಲಿನ ವಿಡಿಯೋಗಳು ಬೇಕಾದಷ್ಟಿವೆ. ಬೆಳಗ್ಗೆ ಎದ್ದು ಕೂದಲನ್ನೆಲ್ಲ ಒದ್ದೆ ಮಾಡಿ, ಕ್ರೀಮ್ ಹಚ್ಚಿ, ಜೆಲ್ ಹಚ್ಚಿ ಅನ್ನುತ್ತಾರೆ. ಒಣ ಹವೆಯ ಊರಿಗೆ ಅದು ಸರಿ. ಜೋರು ಮಳೆ ಸುರಿಯುವ ಆಟಿ ತಿಂಗಳ ಕರಾವಳಿಗೆ ಸರಿಯಲ್ಲ. ನಾನು ಎರಡು ಮಳೆಗಾಲ ಹಾಗೆ ಮಾಡಿದೆ. ಬುಡ ಸಂಜೆವರೆಗೂ ತಣ್ಣಗೆ ಇರುತ್ತಿತ್ತು. ಆಮೇಲೆ ತುರಿಕೆ, ಹೊಟ್ಟು, ಒಂಥರಾ ಮುಗ್ಗಲು ವಾಸನೆ. ಅದಕ್ಕೇ ಹೇಳುತ್ತಿದ್ದೇನೆ: ತಲೆಸ್ನಾನ ಇಲ್ಲದ ದಿನ ಇಡೀ ತಲೆಗೆ ನೀರು ಹಾಕಬೇಡಿ. ಯಾವ ಸುರುಳಿ ಕೆಟ್ಟಿದೆಯೋ ಅದಕ್ಕೆ ಮಾತ್ರ ಹಾಕಿ.

[ದೃಶ್ಯ: ಅಕ್ಕನ ಮಗಳು ಸ್ಟೂಲಿನ ಮೇಲೆ ಕೂತಿದ್ದಾಳೆ. ಎದ್ದ ಕೂಡಲೇ ಇದ್ದ ಹಾಗೆಯೇ ಕೂದಲು.]

ಇವಳು ನನ್ನ ಅಕ್ಕನ ಮಗಳು. ದಿನಾ ರೈಲಿನಲ್ಲಿ ಮಂಗಳೂರಿಗೆ ಕಾಲೇಜಿಗೆ ಹೋಗುತ್ತಾಳೆ. ಬೆಳಗ್ಗೆ ಅವಳಿಗೆ ಸಿಗುವುದು ಹತ್ತು ನಿಮಿಷ. ತಲೆಸ್ನಾನ ಮಾಡಿದ್ದು ಮೊನ್ನೆ ಸಂಜೆ. ಈಗ ನೋಡಿ, ಎಡಗಡೆ ಪೂರ್ತಿ ಚಪ್ಪಟೆ. ಬಲಗಡೆ ಸುರುಳಿ ಚೆನ್ನಾಗಿದೆ. ನೆತ್ತಿಯ ಮೇಲೆ ಸಣ್ಣ ಕೂದಲು ಎದ್ದು ನಿಂತಿದೆ. ಎಡಗಡೆ ಮಲಗಿದ್ದಾಳೆ, ಅಷ್ಟೇ.

ಇದು ಯಾಕೆ ಹೀಗಾಗುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಕೂದಲು ಅಂದರೆ ಕೆರಟಿನ್ ಅನ್ನುವ ಪ್ರೋಟೀನ್. ಅದನ್ನು ಒಳಗಿಂದ ಹಿಡಿದಿಡುವ ಗಂಟುಗಳಲ್ಲಿ ಎರಡು ಥರ ನಮಗೆ ಮುಖ್ಯ. ಒಂದು ಗಂಧಕದ ಗಂಟು. ಅದು ಗಟ್ಟಿ, ನೀರಿಗೆ ಬಿಚ್ಚುವುದಿಲ್ಲ. ಎಷ್ಟು ಸಲ ತೊಳೆದರೂ ಕೂದಲು ತನ್ನ ಗುಂಗುರಿಗೇ ವಾಪಸ್ ಬರುವುದು ಅದರಿಂದ. ಇನ್ನೊಂದು ಹೈಡ್ರೋಜನ್ ಗಂಟು. ಇದು ತೀರಾ ಸಡಿಲ, ಆದರೆ ಲೆಕ್ಕವಿಲ್ಲದಷ್ಟು ಇರುತ್ತದೆ. ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ. ಒಣಗುವಾಗ ಕೂದಲು ಹೇಗಿದೆಯೋ ಹಾಗೆಯೇ ಮತ್ತೆ ಕಟ್ಟಿಕೊಳ್ಳುತ್ತದೆ.

ರಾತ್ರಿ ಸೆಕೆಗೆ ಬೆವರಿದಿರಿ. ಕೂದಲು ಸ್ವಲ್ಪ ಒದ್ದೆಯಾಯಿತು. ದಿಂಬಿಗೆ ಒತ್ತಿಕೊಂಡೇ ಒಣಗಿತು. ಬೆಳಗ್ಗೆ ಚಪ್ಪಟೆ! ಕೂದಲು ಹಾಳಾಗಿಲ್ಲ, ದಿಂಬಿನ ಆಕಾರ ಹಿಡಿದಿದೆ. ಸ್ವಲ್ಪ ನೀರು ತಾಗಿಸಿ ಮತ್ತೆ ಸುರುಳಿಯಲ್ಲಿ ಒಣಗಿಸಿದರೆ ಸಾಕು.

ಸ್ಕೂಲಿಗೆ ಹೋಗುವಾಗ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ದಿನಾ ಎಣ್ಣೆ ಮೆತ್ತಿ, ಒಣ ಕೂದಲನ್ನೇ ಎಳೆದು ಬಾಚಿ, ಎರಡು ಜಡೆ ಮಡಚಿ ಕಟ್ಟುತ್ತಿದ್ದರು. ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಕೂದಲಲ್ಲೇ ಏನೋ ತಪ್ಪಿದೆ ಅಂತ ಎಷ್ಟೋ ವರ್ಷ ನಂಬಿದ್ದೆ. ಇವಳು ಹಾಗೆ ನಂಬಿಕೊಂಡು ಬೆಳೆಯಬಾರದು ಅಂತ ನನಗೆ ತುಂಬಾ ಆಸೆ.

[ದೃಶ್ಯ: ಮೇಜಿನ ಮೇಲೆ ಸ್ಪ್ರೇ ಬಾಟಲಿ, ಜೆಲ್, ಹಳೇ ಬೈರಾಸು, ನಾಲ್ಕು ಕ್ಲಿಪ್.]

ಬೇಕಾಗಿರುವುದು ಇಷ್ಟೇ. ಬಾಟಲಿ ಸಣ್ಣದಿರಲಿ, 200 ಮಿಲಿ ಸಾಕು. ಮಂಜಿನ ಹಾಗೆ ಸಿಂಪಡಿಸುವಂಥದ್ದು ಬೇಕು, ಪಿಚಕಾರಿ ಹಾಗೆ ಹಾರುವಂಥದ್ದು ಬೇಡ. ಅದಕ್ಕೆ ಕುಡಿಯುವ ನೀರನ್ನೇ ತುಂಬಿ. ಸಮುದ್ರದ ಹತ್ತಿರದ ಬಾವಿಗಳಲ್ಲಿ ಬೇಸಿಗೆ ಬಂದರೆ ಉಪ್ಪಿನ ರುಚಿ ಬರುತ್ತದಲ್ವಾ, ಆ ನೀರು ಬೇಡವೇ ಬೇಡ. ಗಡಸು ನೀರೂ ಅಷ್ಟೇ, ಕೂದಲನ್ನು ಒರಟು ಮಾಡುತ್ತದೆ. ನೀರಿಗೆ ಲೀವ್-ಇನ್ ಕಂಡೀಷನರ್, ಅಂದರೆ ಹಚ್ಚಿ ತೊಳೆಯದೆ ಹಾಗೇ ಬಿಡುವಂಥದ್ದು, ಬೆರೆಸುವುದಾದರೆ ಒಂದು ಚಮಚ ಹಾಕಿ, ಎರಡು ದಿನದಲ್ಲಿ ಮುಗಿಸಿ. ನೀರು ಬೆರೆತ ಮೇಲೆ ಅದು ಬೇಗ ಕೆಡುತ್ತದೆ.

ಈಗ ಎಡಗಡೆ ಮಾತ್ರ ತೆಗೆದುಕೊಳ್ಳುತ್ತೇನೆ. ಬಲಗಡೆಯ ಕೂದಲನ್ನು ಕ್ಲಿಪ್ ಹಾಕಿ ಬದಿಗಿಟ್ಟಿದ್ದೇನೆ. ಚೆನ್ನಾಗಿರುವ ಸುರುಳಿಯನ್ನು ಮುಟ್ಟಬಾರದು. ಸುಮ್ನೆ ಬೆರಳಾಡಿಸಿದರೂ ಅದು ಬಿಡಿ ಬಿಡಿಯಾಗಿ ಉಬ್ಬುತ್ತದೆ. ಬಾಚಣಿಗೆ ಬೇಡ. ಒಣಗಿದ ಗುಂಗುರು ಕೂದಲಿಗೆ ಬಾಚಣಿಗೆ ಹಾಕಿದರೆ ಸುರುಳಿಯೂ ಹೋಗುತ್ತದೆ, ಕೂದಲೂ ತುಂಡಾಗುತ್ತದೆ. ಸಿಕ್ಕು ಬಿಡಿಸುವುದು ತಲೆಸ್ನಾನದ ದಿನ, ಕಂಡೀಷನರ್ ಹಚ್ಚಿ ಕೂದಲು ಜಾರುವಾಗ.

[ದೃಶ್ಯ: ಹತ್ತಿರದಿಂದ. ಕೂದಲಿನ ನಡುವಿನಿಂದ ತುದಿಯವರೆಗೆ ಸಿಂಪಡಿಸುವುದು.]

ಬುಡದಿಂದ ನಾಲ್ಕು ಬೆರಳು ಬಿಟ್ಟು ಕೆಳಗೆ ಸಿಂಪಡಿಸಿ. ಒಣಗಿ ನಿಲ್ಲುವುದು ಹೇಗೂ ತುದಿಯೇ. ತಲೆಯ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗೆ ಇಳಿಯುತ್ತದೆ. ನಮ್ಮಲ್ಲಿ ಅದು ಒಂದೊಂದು ತಿರುವಿನಲ್ಲೂ ನಿಲ್ಲುತ್ತದೆ. ಹಾಗಾಗಿ ಬುಡ ಜಿಡ್ಡು, ತುದಿ ಹುಲ್ಲು.

"ಚಿಕ್ಕಮ್ಮ, ನೀರು ಸಾಕಾ?"

ಸಾಕು. ಮುಟ್ಟಿದರೆ ತಂಪು ಅನ್ನಿಸಬೇಕು, ಹನಿ ಬೀಳಬಾರದು. ಇಸ್ತ್ರಿ ಹಾಕುವ ಮೊದಲು ಬಟ್ಟೆಗೆ ನೀರು ಚಿಮುಕಿಸುತ್ತೇವಲ್ವಾ, ಅಷ್ಟು.

ಈಗ ಜೆಲ್. ಒಂದು ಕಡಲೆ ಕಾಳಿನಷ್ಟು ತೆಗೆದುಕೊಂಡು ಎರಡೂ ಅಂಗೈಗೆ ಸವರಿಕೊಳ್ಳಿ. ಕೂದಲನ್ನು ಅಂಗೈಗಳ ನಡುವೆ ಇಟ್ಟು ಮೇಲಿನಿಂದ ಕೆಳಗೆ ನಿಧಾನ ಸವರಿ. ತುಂಬಾ ಚಪ್ಪಟೆಯಾದ ಎಳೆಗಳನ್ನು ಮಾತ್ರ ಬೆರಳಿಗೆ ಸುತ್ತಿ ಹತ್ತು ಎಣಿಸಿ ಬಿಡಿ. ಯಾವ ಕಡೆ ಸುತ್ತಬೇಕು? ಪಕ್ಕದ ಸುರುಳಿ ಯಾವ ಕಡೆ ತಿರುಗಿದೆಯೋ ಆ ಕಡೆ. ಉಳಿದದ್ದನ್ನು ತುದಿಯಿಂದ ಮೇಲಕ್ಕೆ ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಹಿಂಡಿ. ಬೈರಾಸಿನಲ್ಲೂ ಹೀಗೆಯೇ ಒತ್ತಿ ತೆಗೆಯಿರಿ, ಉಜ್ಜಬೇಡಿ. ಅಂಗಡಿಯ ದಪ್ಪ ಟರ್ಕಿ ಟವೆಲಿಗಿಂತ ನಮ್ಮ ತೆಳು ಬೈರಾಸು ಎಷ್ಟೋ ವಾಸಿ. ಅದರಲ್ಲಿ ಕೂದಲು ಸಿಕ್ಕಿಕೊಳ್ಳುವ ನೂಲಿನ ಕುಣಿಕೆಗಳಿಲ್ಲ.

ಬುಡ ಅಂಟಿಕೊಂಡಿದ್ದರೆ ಎರಡು ಕ್ಲಿಪ್ಪನ್ನು ಬುಡಕ್ಕೇ ಹಾಕಿ ಕೂದಲನ್ನು ಎತ್ತಿ ನಿಲ್ಲಿಸಿ. ತಿಂಡಿ ತಿಂದು ಮುಗಿಸುವಷ್ಟು ಹೊತ್ತು ಫ್ಯಾನಿನ ಕೆಳಗೆ ಕೂರಿ. ಪೂರ್ತಿ ಒಣಗುವ ತನಕ ಕೈ ಹಾಕಬೇಡಿ. ಕಷ್ಟ ಇರುವುದು ಇಲ್ಲೇ, ಕೈ ಸುಮ್ಮನಿರುವುದಿಲ್ಲ.

ಯಾವ ಜೆಲ್ ಅಂತ ಕೇಳಿದರೆ, ಮಳೆಗಾಲದಲ್ಲಿ ಡಬ್ಬಿಯ ಹಿಂದಿನ ಪಟ್ಟಿ ಓದಿ. ಮೊದಲ ಮೂರು ನಾಲ್ಕು ಹೆಸರುಗಳಲ್ಲಿ ಗ್ಲಿಸರಿನ್ ಇದ್ದರೆ ಅದನ್ನು ಚಳಿಗಾಲಕ್ಕೆ ಇಡಿ. ಗ್ಲಿಸರಿನ್ ನೀರನ್ನು ಎಳೆದುಕೊಳ್ಳುತ್ತದೆ. ಈಗ ಗಾಳಿ ತುಂಬ ನೀರೇ ಇದೆ. ಕೂದಲು ಅದನ್ನು ಕುಡಿದು ಉಬ್ಬುತ್ತದೆ. ಮನೆಯಲ್ಲೇ ಮಾಡುವುದಾದರೆ ನನಗೆ ಇಷ್ಟ ಅಗಸೆ ಬೀಜದ ಜೆಲ್. ಎರಡು ದೊಡ್ಡ ಚಮಚ ಬೀಜ, ಎರಡು ಲೋಟ ನೀರು. ಮೊಟ್ಟೆಯ ಬಿಳಿಯ ಹಾಗೆ ಲೋಳೆ ಬರುವ ತನಕ ಕುದಿಸಿ, ಬಿಸಿ ಇರುವಾಗಲೇ ಸೋಸಿ. ಆರಿದರೆ ಸೋಸಲು ಆಗುವುದೇ ಇಲ್ಲ. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ದಾಸವಾಳ ಸೊಪ್ಪಿನ ಲೋಳೆಯೂ ಒಳ್ಳೆಯದೇ, ಆದರೆ ಅದು ತಲೆಸ್ನಾನದ ದಿನಕ್ಕೆ. ಎಷ್ಟು ಸೋಸಿದರೂ ಪುಡಿ ಉಳಿಯುತ್ತದೆ, ತೊಳೆಯಲೇಬೇಕು.

ಹಾಗಾದರೆ ತೆಂಗಿನೆಣ್ಣೆ? 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಊರು ಕಾಸರಗೋಡು. ಇಲ್ಲಿ ಕೂತು ಎಣ್ಣೆ ಬೇಡ ಅಂತ ನಾನು ಹೇಳುವುದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು. ಕೂದಲಿನ ಪ್ರೋಟೀನ್ ತೊಳೆದು ಹೋಗುವುದನ್ನು ಚೆನ್ನಾಗಿ ತಡೆದದ್ದು ತೆಂಗಿನೆಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಗೇ ಇಳಿಯುತ್ತದೆ. ಆದರೆ ಹೊತ್ತು ನೋಡಿ ಹಚ್ಚಬೇಕು. ತಲೆಸ್ನಾನದ ಹಿಂದಿನ ರಾತ್ರಿ ಕೂದಲಿನ ಉದ್ದಕ್ಕೆ ಹಚ್ಚಿ. ಇವತ್ತಿನಂಥ ದಿನ ಹಚ್ಚಿದರೆ ನಾವು ಸಿಂಪಡಿಸಿದ ನೀರು ಒಳಗೆ ಹೋಗುವುದಿಲ್ಲ. ಎಲ್ಲಾ ಒಣಗಿದ ಮೇಲೆ ಜೆಲ್ ಗರಿಗರಿ ಅನ್ನಿಸಿದರೆ ಎರಡು ಹನಿ ಅಂಗೈಗೆ ಸವರಿ ಕೂದಲನ್ನು ಹಿಂಡಿ, ಅಷ್ಟು ಸಾಕು. ಹೊಟ್ಟು ಇರುವವರು ಬುಡಕ್ಕೆ ಎಣ್ಣೆ ಹಚ್ಚಲೇಬೇಡಿ. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಅನ್ನುವ ಶಿಲೀಂಧ್ರಕ್ಕೆ ಜಿಡ್ಡೇ ಊಟ.

[ದೃಶ್ಯ: ರಾತ್ರಿ. ದಿಂಬಿಗೆ ಹಳೇ ರೇಷ್ಮೆ ಬಟ್ಟೆಯ ಕವರ್.]

ಬೆಳಗ್ಗಿನ ಕೆಲಸ ಕಮ್ಮಿ ಆಗಬೇಕಾದರೆ ರಾತ್ರಿ ಎರಡು ನಿಮಿಷ ಕೊಡಿ. ಈ ಕವರ್ ಅಮ್ಮನ ಹರಿದ ರೇಷ್ಮೆ ಸೀರೆಯದ್ದು. ಜರಿ ಇರುವ ಭಾಗ ಬಿಟ್ಟು ಹೊಲಿದಿದ್ದೇನೆ, ಜರಿಗೆ ಕೂದಲು ಸಿಕ್ಕುತ್ತದೆ. ಇದರ ಮೇಲೆ ಕೂದಲು ಜಾರುತ್ತದೆ, ಹತ್ತಿ ಬಟ್ಟೆಯಷ್ಟು ಉಜ್ಜುವುದಿಲ್ಲ. ಸ್ಯಾಟಿನ್ ಕವರೂ ಆಗುತ್ತದೆ. ಉದ್ದ ಕೂದಲಿನವರು ತಲೆ ಬಗ್ಗಿಸಿ ಎಲ್ಲವನ್ನೂ ನೆತ್ತಿಗೆ ತಂದು, ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡನ್ನು ಒಂದೇ ಸುತ್ತು ಸಡಿಲ ಹಾಕಿ. ಇದಕ್ಕೆ ಪೈನಾಪಲ್ ಅನ್ನುತ್ತಾರೆ, ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಗಿಡ್ಡ ಕೂದಲಿಗೆ ದಿಂಬಿನ ಕವರೇ ಸಾಕು. ಒದ್ದೆ ಕೂದಲಲ್ಲಿ ಮಾತ್ರ ಮಲಗಬೇಡಿ.

ಸ್ಕೂಟರಿನಲ್ಲಿ ಹೋಗುವವರು ಹೆಲ್ಮೆಟ್ ಒಳಗೆ ತೆಳು ಸ್ಯಾಟಿನ್ ಬಟ್ಟೆ ಕಟ್ಟಿಕೊಳ್ಳಿ. ಕೂದಲು ಹಾಳಾಗುತ್ತದೆ ಅಂತ ಹೆಲ್ಮೆಟ್ ಬಿಡಬೇಡಿ, ದಯವಿಟ್ಟು. ತಲೆಗೆ ಶಾಲು ಹಾಕುವ ಅಕ್ಕ ತಂಗಿಯರಿಗೂ ಒಂದು ಮಾತು. ಕೂದಲು ಪೂರ್ತಿ ಒಣಗಿದ ಮೇಲೆಯೇ ಹಾಕಿ. ಮನೆಗೆ ಬಂದ ಕೂಡಲೇ ತೆಗೆದು ಬುಡಕ್ಕೆ ಗಾಳಿ ಆಡಲಿ.

ಇದನ್ನು ಎಷ್ಟು ದಿನ ಮಾಡಬಹುದು? ಮಳೆಗಾಲದಲ್ಲಿ ನಾನು ಮೂರನೇ ದಿನಕ್ಕೆ ನಿಲ್ಲಿಸುತ್ತೇನೆ. ಬುಡ ತುರಿಸಿದರೆ, ವಾಸನೆ ಬಂದರೆ, ಜೆಲ್ ಬಿಳಿ ಪುಡಿಯಾಗಿ ಉದುರಿದರೆ ಅದಕ್ಕಿಂತ ಮೊದಲೇ ತಲೆಸ್ನಾನ ಮಾಡಿ. ಕೂದಲು ಗುಂಡಗೆ ಒಂದೇ ಕಡೆ ಉದುರುತ್ತಿದ್ದರೆ, ತಲೆಯಲ್ಲಿ ಕೆಂಪು ಕಲೆ ಇದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಜೆಲ್ ಬದಲಾಯಿಸುತ್ತಾ ಕೂರಬೇಡಿ.

[ದೃಶ್ಯ: ಅಕ್ಕನ ಮಗಳು ಬ್ಯಾಗ್ ಹಾಕಿಕೊಂಡು, ಕೊಡೆ ಹಿಡಿದು ಮೆಟ್ಟಿಲಲ್ಲಿ.]

ನೋಡಿ, ಎಡಗಡೆಯೂ ಬಲಗಡೆಯ ಹಾಗೆಯೇ ಆಯಿತು. ಒಂಬತ್ತು ನಿಮಿಷ. ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿದರೆ ಕೂದಲು ಕಟ್ಟಿಕೋ ಮಗಾ, ಮಂಗಳೂರಿನಲ್ಲಿ ಇಳಿದ ಮೇಲೆ ಬಿಚ್ಚು.