ಸೆನ್ಸರ್ ಸತ್ತರೆ ಪ್ಯಾನೆಲ್‌ಗೆ ಗೊತ್ತಾಗುತ್ತಾ?

ಬಾಗಿಲು ಕಿಟಕಿಗೆ ಕಳ್ಳರ ಅಲಾರಂನ ವೈರ್‌ಲೆಸ್ ಸೆನ್ಸರ್ ತಗೊಳ್ಳೋಕೆ ಹೋದವರು ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳ್ತಾರೆ: ರೇಟ್ ಎಷ್ಟು, ಮೊಬೈಲಿಗೆ ಮೆಸೇಜ್ ಬರುತ್ತಾ. ಕೇಳಲೇಬೇಕಾದ್ದು ಇನ್ನೊಂದಿದೆ. ಸೆಲ್ ಮುಗಿದು ಸೆನ್ಸರ್ ಸುಮ್ಮನಾದರೆ, ಅಥವಾ ಯಾರಾದರೂ ಕಿತ್ತು ಹಾಕಿದರೆ, ಸೆನ್ಸರ್‌ಗಳ ಸಿಗ್ನಲ್ ಕೇಳಿ ಸೈರನ್ ಕೂಗಿಸೋ ಪ್ಯಾನೆಲ್‌ಗೆ ಅದು ಗೊತ್ತಾಗುತ್ತಾ? ಗೊತ್ತಾಗಲ್ಲ ಅಂದ್ರೆ ಬೇಡ್ರಿ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಯಾಕೆ ಅಂತ ಕೇಳ್ರಿ. ಸೆನ್ಸರ್ ಒಳಗಿರೋದು ಒಂದು ರೀಡ್ ಸ್ವಿಚ್, ಪಕ್ಕದಲ್ಲಿ ಒಂದು ಮ್ಯಾಗ್ನೆಟ್. ಬಾಗಿಲು ತೆಗೆದಾಗ ಮ್ಯಾಗ್ನೆಟ್ ದೂರ ಹೋಗುತ್ತೆ, ಸ್ವಿಚ್ ಬದಲಾಗುತ್ತೆ, ಸಿಗ್ನಲ್ ಹೋಗುತ್ತೆ. ಅಗ್ಗದ 433 ಮೆಗಾಹರ್ಟ್ಸ್ ಸೆನ್ಸರ್‌ಗಳಲ್ಲಿ ಇವಿ1527 ಅನ್ನೋ ಜಾತಿಯ ಚಿಪ್ ಬಹಳ ಕಾಣಿಸುತ್ತೆ. ಅದು ಪ್ರತಿ ಸಲ ಅದೇ 24 ಬಿಟ್ ಕೋಡ್ ಕೂಗಿ ಮಲಗುತ್ತೆ. ತಲುಪಿತೋ ಇಲ್ಲವೋ ಅದಕ್ಕೆ ತಿಳಿಯಲ್ಲ, ಬೇರೆಯವರು ಆ ಕೋಡ್ ಹಿಡಿದು ಮತ್ತೆ ಕಳಿಸಿದರೂ ಪ್ಯಾನೆಲ್‌ಗೆ ತಿಳಿಯಲ್ಲ. ಮುಚ್ಚಿರೋ ಬಾಗಿಲಿಂದಲೂ ಏನೂ ಬರಲ್ಲ, ಸತ್ತಿರೋ ಸೆನ್ಸರ್‌ನಿಂದಲೂ ಏನೂ ಬರಲ್ಲ. ಪ್ಯಾನೆಲ್ ಎರಡನ್ನೂ ಒಂದೇ ಅಂದ್ಕೊಂಡು ಹಸಿರು ದೀಪ ತೋರಿಸ್ತಾ ಕೂತಿರುತ್ತೆ. ನೀವು ಅದನ್ನ ನಂಬಿ ಬೀಗ ಹಾಕ್ಕೊಂಡು ಊರಿಗೆ ಹೋಗ್ತೀರಿ.

ಹಾಗಾಗಿ ಬಾಕ್ಸ್ ಮೇಲೆ ಸೂಪರ್‌ವಿಷನ್ ಅಥವಾ ಹಾರ್ಟ್‌ಬೀಟ್ ಅನ್ನೋ ಮಾತು ಹುಡುಕಿ. ಅಂಥ ಸೆನ್ಸರ್ ಬಾಗಿಲು ತೆಗೀದಿದ್ರೂ ಆಗಾಗ ಪ್ಯಾನೆಲ್‌ಗೆ ಹಾಜರಿ ಹೇಳುತ್ತೆ. ಕೆಲವು ನಿಮಿಷಕ್ಕೊಮ್ಮೆ, ಕೆಲವು ಗಂಟೆಗೊಮ್ಮೆ. ಹಾಜರಿ ತಪ್ಪಿದರೆ ಎಷ್ಟು ಹೊತ್ತಿಗೆ ಎಚ್ಚರಿಕೆ ಬರುತ್ತೆ ಅಂತಲೂ ಕೇಳಿ. ಜೊತೆಗೆ ಮುಚ್ಚಳ ಬಿಚ್ಚಿದರೆ ಕೂಗೋ ಟ್ಯಾಂಪರ್ ಸ್ವಿಚ್ ಇರಲಿ. ಎರಡೂ ಕಡೆ ಮಾತಾಡೋ, ಅಂದ್ರೆ ಪ್ಯಾನೆಲ್‌ನ ಉತ್ತರವನ್ನೂ ಕೇಳೋ ಸೆನ್ಸರ್ ಆದರೆ ಇನ್ನೂ ವಾಸಿ, ಸಿಗ್ನಲ್ ತಲುಪದಿದ್ರೆ ಅದೇ ಮತ್ತೆ ಕಳಿಸುತ್ತೆ.

ಫ್ರೀಕ್ವೆನ್ಸಿ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸೋಕೆ 865ರಿಂದ 868 ಮೆಗಾಹರ್ಟ್ಸ್ ಬಿಟ್ಟಿದ್ದಾರೆ. ಚಿತ್ರದುರ್ಗದ ಹಳೇ ಕಲ್ಲಿನ ಗೋಡೆ ಇರೋ ಮನೆಗೆ ಇದೇ ಸರಿ, ವೈಫೈನ 2.4 ಗಿಗಾಹರ್ಟ್ಸ್‌ಗಿಂತ ಇದು ಗೋಡೆ ದಾಟೋದ್ರಲ್ಲಿ ಗಟ್ಟಿ. ಅಮೆರಿಕದಿಂದ ಯಾರಾದರೂ 345 ಅಥವಾ 915ರ ಸೆಟ್ ತಂದುಕೊಟ್ಟರೆ ಇಲ್ಲಿ ಹಾಕಬೇಡಿ. ವೈಫೈ ಸೆನ್ಸರ್ ರೂಟರ್ ಇಲ್ಲದೆ ಮೂಕ. ಬೆಸ್ಕಾಂ ಕರೆಂಟ್ ಹೋದಾಗ ರೂಟರ್ ಆರಿದ್ರೆ ಮನೇಲಿರೋ ಸೆನ್ಸರೆಲ್ಲ ಒಟ್ಟಿಗೆ ಮೂಕ. ಅದನ್ನೇ ಹಾಕ್ತೀವಿ ಅಂದ್ರೆ ರೂಟರ್‌ಗೆ ಮಿನಿ ಯುಪಿಎಸ್ ಕಡ್ಡಾಯ. ಸಿಮ್ ಹಾಕೋ ಪ್ಯಾನೆಲ್ ಆದರೆ 4ಜಿ ನೋಡಿ ತಗೊಳ್ಳಿ, 2ಜಿ ಪ್ಯಾನೆಲ್‌ನಲ್ಲಿ ಜಿಯೋ ನಡೆಯಲ್ಲ.

ಎಷ್ಟು ಸೆನ್ಸರ್ ಬೇಕು? 30×40 ಸೈಟಿನ ಮನೆಗೆ ಮೊದಲು ಮೂರು: ಮುಂಬಾಗಿಲು, ಹಿತ್ತಲ ಬಾಗಿಲು, ಟೆರೇಸ್ ಮೆಟ್ಟಿಲ ಬಾಗಿಲು. ಈ ಮೂರನೇದನ್ನ ಮರೆಯೋರೇ ಹೆಚ್ಚು, ಅಲ್ಲಿ ಬರೀ ಒಂದು ತಗಡಿನ ಕದ, ಒಂದು ಚಿಲಕ ಇರುತ್ತೆ. ಗ್ರಿಲ್ ಇಲ್ಲದ ಕಿಟಕಿ ಆಮೇಲೆ. ಬಾತ್‌ರೂಮ್ ವೆಂಟಿಲೇಟರ್‌ನ ಗಾಜಿನ ಪಟ್ಟಿ ಒಂದೊಂದೇ ಎಳೆದು ತೆಗೀತಾರೆ, ಅದನ್ನ ಮ್ಯಾಗ್ನೆಟ್ ಸೆನ್ಸರ್ ಹಿಡಿಯಲ್ಲ. ಅಲ್ಲಿಗೆ ಒಳಗಡೆಯಿಂದ ಗ್ರಿಲ್ ಹಾಕಿಸಿ.

ಈಗ ಕೂರಿಸೋದು. ತಪ್ಪು ಅಲಾರಂ ಹೆಚ್ಚಾಗಿ ಹುಟ್ಟೋದೇ ಇಲ್ಲಿ. ಮರದ ಬಾಗಿಲಿಗೆ ಸಣ್ಣ ಮ್ಯಾಗ್ನೆಟ್ 15ರಿಂದ 20 ಮಿಲಿಮೀಟರ್‌ವರೆಗೆ ಕೆಲಸ ಮಾಡುತ್ತೆ, ಆದರೆ ನೀವು ಅಂತರ 5ರಿಂದ 8ಕ್ಕೆ ಇಡಿ. ಮಳೆಗಾಲದಲ್ಲಿ ಮರ ಉಬ್ಬುತ್ತೆ, ಏಪ್ರಿಲ್ ಬಿಸಿಲಿಗೆ ಕುಗ್ಗುತ್ತೆ, ದುರ್ಗದ ಆಷಾಢದ ಗಾಳಿಗೆ ಚಿಲಕ ಸಡಿಲ ಇರೋ ಕದ ಅಲ್ಲಾಡುತ್ತೆ. ಅಂತರ ಅಂಚಿಗೆ ಇಟ್ಟರೆ ರಾತ್ರಿ ಎರಡಕ್ಕೆ ಸೈರನ್. ಹಾಗೆ ನಾಲ್ಕು ಸಲ ಆದರೆ ಮನೆಯವರೇ ಅಲಾರಂ ಆಫ್ ಮಾಡಿ ಮಲಗ್ತಾರೆ. ಕಬ್ಬಿಣದ ಕದ ಮ್ಯಾಗ್ನೆಟ್ ಬಲ ಎಳೆದುಕೊಳ್ಳುತ್ತೆ, ಸಿಗ್ನಲನ್ನೂ ತಗ್ಗಿಸುತ್ತೆ. ಸೆನ್ಸರ್, ಮ್ಯಾಗ್ನೆಟ್ ಎರಡರ ಕೆಳಗೂ 5–6 ಮಿಲಿಮೀಟರ್ ಪ್ಲಾಸ್ಟಿಕ್ ಅಥವಾ ಮರದ ಪಟ್ಟಿ ಕೊಡಿ, ಸಾಲದಿದ್ರೆ ದೊಡ್ಡ ಮ್ಯಾಗ್ನೆಟ್ ಇರೋ ಮಾಡೆಲ್ ತಗೊಳ್ಳಿ.

ಜಾಗ: ಒಳಗಡೆ, ಮೇಲುಗಡೆ, ಕೀಲು (ಹಿಂಜ್) ಇರೋ ಅಂಚಿಗೆ ಎದುರು ಅಂಚಿನಲ್ಲಿ. ಕೀಲಿನ ಪಕ್ಕ ಇಟ್ಟರೆ ಬಾಗಿಲು ಅರ್ಧ ತೆಗೆದರೂ ಗೊತ್ತಾಗದೆ ಇರಬಹುದು. ಕೆಳಗೆ ಬೇಡ, ದಿನಾ ಹೊಸ್ತಿಲು ತೊಳೆಯೋ ನೀರು ಒಳಗೆ ಹೋಗುತ್ತೆ. ಎರಡು ಕದದ ಬಾಗಿಲಿಗೆ ಒಂದು ಕದಕ್ಕೆ ಸೆನ್ಸರ್, ಇನ್ನೊಂದಕ್ಕೆ ಮ್ಯಾಗ್ನೆಟ್. ಚೌಕಟ್ಟಿಗೆ ಸೆನ್ಸರ್ ಹೊಡೆದು ಒಂದೇ ಕದಕ್ಕೆ ಮ್ಯಾಗ್ನೆಟ್ ಇಟ್ಟರೆ ಇನ್ನೊಂದು ಕದ ಯಾರು ತೆಗೆದರೂ ಸುಳಿವಿಲ್ಲ.

ಮೊದಲು ಬರೀ ಟೇಪ್‌ನಲ್ಲಿ ಅಂಟಿಸಿ, ಒಳಗಿನ ಬಾಗಿಲೆಲ್ಲ ಮುಚ್ಚಿ, ಒಂದು ದಿನ ನೋಡಿ. ಸಿಗ್ನಲ್ ಸರಿ ಇದ್ದರೆ ಆಮೇಲೆ ಸ್ಕ್ರೂ ಹೊಡೀರಿ. ಟೇಪ್ ಒಂದನ್ನೇ ನಂಬಿದ್ರೆ ನಮ್ಮ ಬೇಸಿಗೆಗೆ ಅಂಟು ಬಿಡುತ್ತೆ, ಸುಣ್ಣದ ಗೋಡೆ ಮೇಲಂತೂ ನಿಲ್ಲೋದೇ ಇಲ್ಲ.

ಸೆಲ್ ವಿಚಾರ ಇನ್ನೊಂದು. ಸಿಆರ್2032 ಅನ್ನೋ ಬಿಲ್ಲೆ ಸೆಲ್ ಹಿಡಿಯೋ ಚಾರ್ಜ್ ಹೆಚ್ಚುಕಮ್ಮಿ 220 ಮಿಲಿಆಂಪ್ ಅವರ್, ಸಿಆರ್123ಎ ಅನ್ನೋ ದಪ್ಪ ಸೆಲ್‌ನದು ಸುಮಾರು 1500. ದಿನಕ್ಕೆ ಹತ್ತಾರು ಸಲ ತೆಗೆಯೋ ಮುಂಬಾಗಿಲಿಗೆ ಎಎಎ ಅಥವಾ 123ಎ ಹಾಕೋ ಮಾಡೆಲ್ ಇರಲಿ, ಅಪರೂಪಕ್ಕೆ ತೆಗೆಯೋ ಕಿಟಕಿಗೆ 2032 ಸಾಕು. 2032 ಗಡಿಯಾರದ ಅಂಗಡಿಯಲ್ಲಿ ಸಿಗುತ್ತೆ, 123ಎ ಎಲ್ಲ ಕಡೆ ಸಿಗಲ್ಲ, ಒಂದು ಜೊತೆ ಮನೇಲಿಟ್ಟಿರಿ. ಕೊಂಡ ವಾರದೊಳಗೆ ಒಂದು ಪರೀಕ್ಷೆ ಮಾಡಿ: ಒಂದು ಸೆನ್ಸರ್‌ನ ಸೆಲ್ ತೆಗೆದು ಪಕ್ಕಕ್ಕಿಡಿ, ಪ್ಯಾನೆಲ್ ದೂರು ಹೇಳೋವರೆಗೆ ಕಾಯಿರಿ. ಒಂದು ದಿನ ಕಳೆದರೂ ಹೇಳದಿದ್ರೆ ಬಿಲ್ ಸಮೇತ ವಾಪಸ್ ಕೊಟ್ಟು ಬನ್ನಿ.