ಮುಳ್ಳು ಚುಚ್ಚಿದ ಜಾಗದಲ್ಲಿ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಬರಿಗಾಲಲ್ಲಿ ನಡೆದು ಜಾಲಿ ಮುಳ್ಳು ಚುಚ್ಚಿಸಿಕೊಂಡವರು ಇಲ್ಲಿ ತುಂಬಾ ಜನ ಇರುತ್ತೀರಿ, ಅಲ್ವಾ? ಮುಳ್ಳು ಕಿತ್ತು ಎಸೆದು ಕೆಲಸಕ್ಕೆ ಹೋಗುತ್ತೀರಿ. ಮಾರನೇ ದಿನ ಆ ಜಾಗ ಕೆಂಪಾಗಿ ಊದಿಕೊಂಡಿರುತ್ತದೆ, ಮುಟ್ಟಿದರೆ ಬಿಸಿ. ಆಮೇಲೆ ಕೀವು. ನಂಜಾಯಿತು ಅನ್ನುತ್ತೇವೆ.

ಆ ಕೀವಿನಲ್ಲಿ ಇರುವುದು ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳು. ದೊಡ್ಡವರ ಬಿಳಿ ರಕ್ತಕಣಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಇವೇ. ಮುಳ್ಳಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋದ ಕೂಡಲೇ ಅಲ್ಲಿನ ಜೀವಕೋಶಗಳು ರಾಸಾಯನಿಕ ಸುದ್ದಿ ಕಳಿಸುತ್ತವೆ. ರಕ್ತದಲ್ಲಿ ಹರಿದು ಹೋಗುತ್ತಿದ್ದ ನ್ಯೂಟ್ರೋಫಿಲ್ ಆ ಜಾಗಕ್ಕೆ ಬಂದಾಗ ರಕ್ತನಾಳದ ಗೋಡೆಗೆ ಅಂಟಿಕೊಂಡು, ಉರುಳುತ್ತಾ ಉರುಳುತ್ತಾ ನಿಧಾನವಾಗಿ, ಎರಡು ಜೀವಕೋಶಗಳ ನಡುವಿನ ಸಂದಿಯಲ್ಲಿ ಮೈ ಹಿಂಡಿಕೊಂಡು ಹೊರಗೆ ನುಸುಳುತ್ತದೆ. ಬ್ಯಾಕ್ಟೀರಿಯಾವನ್ನು ನುಂಗಿ ಒಳಗೇ ಕೊಲ್ಲುತ್ತದೆ. ಕೆಲವು ಸಲ ತನ್ನ ಡಿಎನ್ಎಯನ್ನೇ ಬಲೆಯಂತೆ ಹೊರಗೆ ಎರಚಿ ಅವನ್ನು ಹಿಡಿಯುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಯಾವ ಕೆಲಸವೂ ಹಿಡಿಸಲಿಲ್ಲ!

ಇದರ ಆಯಸ್ಸು ತೀರಾ ಕಡಿಮೆ, ಕೆಲವು ಗಂಟೆಗಳಿಂದ ಕೆಲವು ದಿನ ಅಷ್ಟೇ. ಅದಕ್ಕೇ ನಮ್ಮ ಮೂಳೆಯೊಳಗಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಹೊಸ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತಲೇ ಇರುತ್ತದೆ.

ಮೈಯ ಕಣಗಳು ಹೀಗೆ ಕಾದಾಡಲು ಬರುತ್ತವೆ ಅನ್ನುವ ಸುಳಿವು ಸಿಕ್ಕಿದ್ದೂ ಮುಳ್ಳಿನಿಂದಲೇ. 1882ರಲ್ಲಿ ಇಲ್ಯಾ ಮೆಚ್ನಿಕೋಫ್ ಎಂಬ ಪ್ರಾಣಿಶಾಸ್ತ್ರಜ್ಞ ಇಟಲಿಯ ಮೆಸ್ಸಿನಾದಲ್ಲಿದ್ದರು. ನಕ್ಷತ್ರ ಮೀನಿನ ಮರಿಗಳ ಮೈ ಗಾಜಿನಂತೆ ಪಾರದರ್ಶಕ. ಅವಕ್ಕೆ ತೋಟದ ಗುಲಾಬಿ ಮುಳ್ಳು ಚುಚ್ಚಿಟ್ಟು, ರಾತ್ರಿಯೆಲ್ಲ ನಿದ್ದೆ ಬರದೆ, ಬೆಳಗ್ಗೆ ಬಂದು ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ಅವರಿಗೆ ನೊಬೆಲ್ ಬಂತು.

ಲಿಂಫೋಸೈಟ್‌ಗಳು ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬೇರೆ ಥರ. ನಿಧಾನವಾಗಿ ಬರುತ್ತವೆ, ಆದರೆ ಒಮ್ಮೆ ಎದುರಿಸಿದ ರೋಗಾಣುವಿನ ಗುರುತು ವರ್ಷಗಟ್ಟಲೆ ಇಟ್ಟುಕೊಳ್ಳುತ್ತವೆ. ಲಸಿಕೆ ಕೆಲಸ ಮಾಡುವುದು ಇದರಿಂದಲೇ.

ರಕ್ತದ ರಿಪೋರ್ಟಿನಲ್ಲಿ ಟೋಟಲ್ ಕೌಂಟ್ ಅಂತ ಇರುತ್ತದಲ್ಲ, ಅದು ಬಿಳಿ ರಕ್ತಕಣಗಳ ಒಟ್ಟು ಲೆಕ್ಕ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಇದ್ದರೆ ಸರಿ. ಸ್ವಲ್ಪ ಏರಿದ ಮಾತ್ರಕ್ಕೆ ಸುಮ್ನೆ ಮೆಡಿಕಲ್ ಸ್ಟೋರಿಗೆ ಹೋಗಿ ಆಂಟಿಬಯೋಟಿಕ್ ತಗೋಬೇಡಿ. ಸ್ಟೀರಾಯ್ಡ್ ಮಾತ್ರೆಯಿಂದಲೂ ಅದು ಏರುತ್ತದೆ. ಡೆಂಗಿಯಲ್ಲಿ ಇಳಿಯುತ್ತದೆ.

ನನಗೆ ನಿಜವಾಗಿ ಭಯ ಇರುವುದು ಕ್ಯಾನ್ಸರ್‌ಗೆ ಕೀಮೋ ಔಷಧ ತಗೊಂಡವರ ಬಗ್ಗೆ. ಒಂದೆರಡು ವಾರದಲ್ಲಿ ಅವರ ನ್ಯೂಟ್ರೋಫಿಲ್ ತೀರಾ ಇಳಿದುಬಿಡಬಹುದು. ಆಗ ಸೋಂಕು ಬಂದರೂ ಊತ ಕಾಣದಿರಬಹುದು, ಕೀವೂ ಆಗದಿರಬಹುದು, ಯಾಕೆಂದರೆ ಕೀವು ಮಾಡುವ ಕಣಗಳೇ ಇಲ್ಲ. ಎಷ್ಟೋ ಸಲ ಜ್ವರ ಒಂದೇ ಗುರುತು. ಥರ್ಮಾಮೀಟರ್ 100.4 ತೋರಿಸಿದರೆ ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ಆಸ್ಪತ್ರೆಗೆ ಹೊರಡಿ, ಹೋದ ಕೂಡಲೇ ಕೊನೆಯ ಕೀಮೋ ಯಾವತ್ತು ಆಯಿತು ಅಂತ ಹೇಳಿ.